ತಟ್ಟೆಯಲ್ಲಿ ಉಳಿದದ್ದನ್ನು ಸುಡುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಹೆಂಗಸೊಬ್ಬರು ಪುಡಿಯನ್ನು ಅಚ್ಚಿಗೆ ಹಾಕಿ, ಒತ್ತಿ, ಗುಳಿಗೆ ಮಾಡುತ್ತಿದ್ದಾರೆ. ಔಷಧವೆಂದುಕೊಂಡರೆ ಬೇಸ್ತು ಬಿದ್ದಿರಿ. ಅದು ಯಾರೋ ರೋಗಿ ತಿನ್ನದೆ ಬಿಟ್ಟ ಊಟ. ರಾತ್ರಿಯೆಲ್ಲ ಒಣಗಿ ಪುಡಿಯಾಗಿದೆ. ಗುಳಿಗೆಯನ್ನು ದಪ್ಪ ಉಕ್ಕಿನ ಡಬ್ಬಿಯೊಳಗಿಟ್ಟು, ಆಮ್ಲಜನಕ ತುಂಬಿ, ನೀರಲ್ಲಿ ಮುಳುಗಿಸಿ ಗುಂಡಿ ಒತ್ತುತ್ತಾರೆ. ಒಳಗೆ ಊಟ ಉರಿಯುತ್ತದೆ, ಹೊರಗೆ ನೀರು ಬಿಸಿಯಾಗುತ್ತದೆ. ನೀರಿಗೆ ಏರಿದ ಬಿಸಿಯೇ ಊಟದ ಶಕ್ತಿಯ ಲೆಕ್ಕ. ಅಡುಗೆಮನೆ ಕಳಿಸಿದ್ದರಲ್ಲಿ ಇದನ್ನು ಕಳೆದರೆ ರೋಗಿಯ ಹೊಟ್ಟೆಗೆ ಹೋದದ್ದೆಷ್ಟು ಎಂದು ತಿಳಿಯುತ್ತದೆ.

ಆಸ್ಪತ್ರೆಗೆಲ್ಲ ಇವರು 'ಸುಡೋ ಅಕ್ಕ'. ದಿನಕ್ಕೆ ಹತ್ತು ಹನ್ನೆರಡು ಗುಳಿಗೆ ಸುಡುತ್ತಾರೆ. ಅಳತೆ ನಡೆಯುವಾಗ ಬಾಗಿಲು ತೆರೆಯುವಂತಿಲ್ಲ, ಗಾಳಿ ನುಗ್ಗಿದರೆ ಲೆಕ್ಕ ಕೆಡುತ್ತದೆ. "ಮೊದಮೊದ್ಲು ಹರಟೆಗೆ ಅಂತ ಬಾಗಿಲು ತಟ್ಟೋರು. ತಡೀರಿ ಅಂತಿದ್ದೆ. ತಡೆದು ತಡೆದು ಸಾಕಾಗಿ ಬರೋದೇ ಬಿಟ್ರು," ಎಂದು ನಗುತ್ತಾರೆ. ಆ ನಗು ತುಟಿ ದಾಟುವುದಿಲ್ಲ.

ಗಂಡ ಇದೇ ಆಸ್ಪತ್ರೆಯ ವ್ಯಾನ್ ಓಡಿಸುತ್ತಿದ್ದರು. ಮಧ್ಯಾಹ್ನದ ಊಟ ಇಬ್ಬರದೂ ಒಟ್ಟಿಗೆ. ಅವರು ತೀರಿಕೊಂಡ ಮೇಲೆ ಅಕ್ಕ ಒಲೆ ಹಚ್ಚುವುದೇ ಅಪರೂಪ. ರೋಗಿಗಳಿಗೆ ಹೋಗುವಂಥದ್ದೇ ಸ್ಟೀಲ್ ಡಬ್ಬಿಯೊಂದು ಅಡುಗೆಮನೆಯಿಂದ ಇವರಿಗೂ ಬರುತ್ತದೆ. "ಒಬ್ಳೇ ಕೂತ್ರೆ ಗಂಟಲಲ್ಲಿ ತುತ್ತು ಇಳಿಯಲ್ಲ ನೋಡಿ. ಎಷ್ಟೋ ದಿನ ಹಾಗೇ ಇಟ್ಬಿಡ್ತೀನಿ."

ಎಡವಟ್ಟಾದದ್ದು ಅದರಿಂದಲೇ. ಮೇಲಿನ ವಾರ್ಡಿನಲ್ಲಿ ಹೊಟ್ಟೆಯ ಆಪರೇಷನ್ ಆದ ಅಜ್ಜಿಯೊಬ್ಬರಿದ್ದರು. ಅವರು ಸರಿಯಾಗಿ ಉಣ್ಣುತ್ತಿಲ್ಲವೆಂದು ಡಾಕ್ಟರಿಗೆ ಅನುಮಾನ. ತಿಂದದ್ದರ ಲೆಕ್ಕ ಕಡಿಮೆ ಬಂದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುವುದೆಂದು ತೀರ್ಮಾನವಾಗಿತ್ತು. ಅಜ್ಜಿಯ ನಂಬರಿದ್ದ ಡಬ್ಬಿ ತುಂಬಿದ್ದಂತೆಯೇ ಇದ್ದದ್ದನ್ನು ಕಂಡು ಅಕ್ಕ "ಪಾಪ" ಎಂದು ಮರುಗಿದ್ದರು. ಮರುದಿನ ಸುಟ್ಟು ನೋಡಿದರೆ ಲೆಕ್ಕವೂ ಅದನ್ನೇ ಹೇಳಿತು: ಅಜ್ಜಿ ಒಂದು ತುತ್ತೂ ಮುಟ್ಟಿಲ್ಲ. ಚೀಟಿ ಮೇಲಿನ ವಾರ್ಡಿಗೆ ಹೋಯಿತು.

ಆಮೇಲೆ ತಮ್ಮ ಡಬ್ಬಿ ತೊಳೆಯಲು ಎತ್ತಿಕೊಂಡರೆ ಅದರಲ್ಲಿ ಅರ್ಧವೂ ಉಳಿದಿಲ್ಲ! "ಹಿಂದಿನ ದಿನ ನಾನು ಊಟಾನೇ ಮಾಡಿರ್ಲಿಲ್ಲ. ಮತ್ತೆ ತಿಂದೋರ್ಯಾರು?" ಹಿಂದಿನ ದಿನ ಎರಡು ಡಬ್ಬಿಗಳನ್ನೂ ಒಟ್ಟಿಗೆ ತೆರೆದಿಟ್ಟು, ಸರಿಯಾಗಿ ನೋಡದೆ ಅಜ್ಜಿಯ ನಂಬರಿದ್ದ ಮುಚ್ಚಳವನ್ನು ತಮ್ಮ ಡಬ್ಬಿಗೆ ಮುಚ್ಚಿದ್ದರು. ಸುಟ್ಟದ್ದು ತಮ್ಮದೇ ಊಟ.

ಬಿದ್ದೆನೋ ಎದ್ದೆನೋ ಎಂದು ಮೆಟ್ಟಿಲು ಹತ್ತಿ ಓಡಿದರು. ನರ್ಸಮ್ಮನ ಕೈಯಲ್ಲಿ ನಳಿಕೆ. ಅಜ್ಜಿ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡು ಮಲಗಿದ್ದರು.

"ನಿಲ್ಸಿ! ತಪ್ಪು ನಂದು! ಅಜ್ಜಿ ಊಟ ಮಾಡಿದಾರೆ!"

"ಬೆಳಿಗ್ಗೆಯಿಂದ ಅದನ್ನೇ ಬಡ್ಕೋತಿದೀನಿ, ನನ್ ಮಾತು ಯಾರು ಕೇಳ್ತಾರೆ?" ಎಂದು ಎದ್ದು ಕುಳಿತ ಅಜ್ಜಿ ಅಕ್ಕನನ್ನು ದಿಟ್ಟಿಸಿದರು. "ಹಾಗಾದ್ರೆ ನೀನು ಸುಟ್ಟಿದ್ದು ಯಾರ ಊಟಾನೇ?"

"ನಂದೇ ಅಜ್ಜಿ."

"ಪೂರ್ತಿ ಡಬ್ಬಿ?"

"ಪೂರ್ತಿ."

ಅಜ್ಜಿ ನರ್ಸಮ್ಮನತ್ತ ತಿರುಗಿದರು. "ಹಾಕಮ್ಮಾ, ಆ ನಳಿಕೆ ಇವಳಿಗೆ ಹಾಕು!"

ವಾರ್ಡಿಗೆ ವಾರ್ಡೇ ನಕ್ಕಿತು. ಅಕ್ಕ ಮಾತ್ರ ಗೋಡೆಗೆ ಒರಗಿ ಅತ್ತುಬಿಟ್ಟರು. ಗಂಡ ಹೋದ ಮೇಲೆ ಇವರ ಊಟದ ಸುದ್ದಿ ಎತ್ತಿದವರು ಅದೇ ಮೊದಲು.

ಈಗ ಅಕ್ಕನ ಡಬ್ಬಿಯ ಹಿಡಿಗೆ ಕೆಂಪು ದಾರ ಕಟ್ಟಿದೆ. ಅಜ್ಜಿ ಗುಣವಾಗಿ ಮನೆಗೆ ಹೋಗಿ ಬಹಳ ದಿನವಾಯಿತು.

"ಯಾರು ಎಷ್ಟು ತಿಂದ್ರು ಅಂತ ಎಲ್ರೂ ನನ್ನೇ ಕೇಳ್ತಾರೆ," ಎನ್ನುತ್ತಾರೆ ಅಕ್ಕ, ಮುಂದಿನ ಗುಳಿಗೆ ಒತ್ತುತ್ತಾ. "ಅಜ್ಜಿ ವಾರ್ಡಲ್ಲಿ ಇರೋವರೆಗೂ ದಿನಾ ಅಲ್ಲಿನ ಆಯಾ ಹತ್ರ 'ನಿಂದು ಊಟ ಆಯ್ತಾ' ಅಂತ ಕೇಳಿ ಕಳಿಸೋರು. ಆಯ್ತು ಅನ್ನಬೇಕಲ್ಲ, ಸುಳ್ಳು ಹೇಳೋಕೆ ಮನಸ್ಸು ಬರ್ತಿರ್ಲಿಲ್ಲ, ಉಣ್ತಿದ್ದೆ. ಈಗ ಕೇಳೋರಿಲ್ಲ. ಯಾರಾದ್ರೂ ದಿನಕ್ಕೊಂದ್ಸಲ ಕೇಳಿದ್ರೆ ಸಾಕು, ಇನ್ನೇನೂ ಬೇಡ."