ಡಬ್ಬಿಯ ತಳದ ಸಕ್ಕರೆ

ನಮ್ಮ ಕಡೆ ಬೇರೆ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ. ಅಲ್ಲಿ ಸಿಸ್ಟರ್ ಒಬ್ಬರು, ಯಾರದೇ ವಸ್ತುವಾಗಲಿ ತೊಳೆದು, ಒರೆಸಿ, ಥ್ಯಾಂಕ್ಯೂ ಹೇಳಿ ಕೊಡಬೇಕೆಂದು ಕಲಿಸಿದ್ದರು. ಮದುವೆಯಾಗಿ ವನಗೂರಿನ ಕಡೆಯ ಈ ತೋಟಕ್ಕೆ ಬಂದ ಹೊಸದರಲ್ಲಿ ಹಾಗೇ ಫಳಫಳ ಹೊಳೆಯುವ ಖಾಲಿ ಡಬ್ಬಿಯೊಂದನ್ನು ಹಿಡಿದು ಹೊರಟವಳನ್ನು ಅತ್ತೆ ಬಾಗಿಲಲ್ಲೇ ತಡೆದರು.

"ಏನೂ ಇಲ್ದಿದ್ರೆ ಒಂದು ಚಮಚ ಸಕ್ಕರೆನಾದ್ರೂ ಹಾಕಮ್ಮ. ಬರಿ ಡಬ್ಬಿ ಕೊಟ್ರೆ ಏನಂದ್ಕಂಡಾರು?"

ಅತ್ತೆ ಈಗಿಲ್ಲ. ಅವರ ಮಾತು ನನ್ನ ಅಡುಗೆಮನೆಯಲ್ಲಿ ಇನ್ನೂ ನಡೆಯುತ್ತದೆ.

ಕಾಫಿ ಒಣಗಿಸುವ ಕಣದ ಕೆಳಗೆ ನಮ್ಮ ತೋಟದ ರೈಟರಿಗೆ ಕೊಟ್ಟ ಮನೆ ಇದೆ. ಅದರ ಬೇಲಿಯಾಚೆ ಆಳುಗಳ ಸಾಲುಮನೆಗಳು, ಲೈನು ಅನ್ನುತ್ತೇವೆ. ರೈಟರ್ ಅಂದರೆ ಆಳುಗಳ ಹಾಜರಿ ಬರೆದು, ಅವರಿಗೆ ಕೆಲಸ ಹಂಚುವವನು. ನಾನು ಹೇಳುತ್ತಿರುವ ಕಾಲದಲ್ಲಿ ಇದ್ದವನು ಬಂದು ನಾಲ್ಕು ವರ್ಷವಾಗಿತ್ತು. ಅಚ್ಚುಕಟ್ಟಿನ ಮನುಷ್ಯ. ಹೆಂಡತಿ ಹೊಂಗಡಹಳ್ಳದ ಕಡೆಯವಳು, ಜೊತೆಗೆ ಮೂರು ವರ್ಷದ ಮಗಳು. ನಾನು ಅಕ್ಕಿರೊಟ್ಟಿಯೋ ಕಡುಬೋ ಮಾಡಿದಾಗ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅವಳಿಗೆ ಕೊಡುತ್ತಿದ್ದೆ. ಡಬ್ಬಿ ಎಂದೂ ಖಾಲಿ ಬರಲಿಲ್ಲ. ಒಮ್ಮೆ ಕರಿಬೇವು, ಒಮ್ಮೆ ಎರಡು ಸೀಬೆಹಣ್ಣು, ಒಮ್ಮೆ ಒಂದು ಹಿಡಿ ಸೂಜಿಮೆಣಸು. ಎಲ್ಲ ಅವಳ ಹಿತ್ತಿಲದ್ದೇ.

ಆ ವರ್ಷ ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಡಬ್ಬಿಯಲ್ಲಿ ಸಕ್ಕರೆ ಬಂತು. ಮೊದಲ ಸಲ ನಾನು ಏನೂ ಅಂದುಕೊಳ್ಳಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ತಳದಲ್ಲಿ ಅದೇ ಒಂದು ಚಮಚ ಸಕ್ಕರೆ ನೋಡಿದಾಗ ಮುಚ್ಚಳ ಕೈಯಲ್ಲೇ ಉಳಿಯಿತು. ನಮ್ಮ ಅಡುಗೆಮನೆಯ ಕಿಟಕಿಯಿಂದ ಅವಳ ಹಿತ್ತಿಲು ಕಾಣುತ್ತದೆ. ಕರಿಬೇವು ಚಿಗುರಿ ನಿಂತಿತ್ತು. ಸೀಬೆಹಣ್ಣು ಉದುರಿ ಹಕ್ಕಿ ತಿನ್ನುತ್ತಿದ್ದವು. ಕಣ್ಣು ಹಾಗೇ ಹಿಂಬಾಗಿಲಿಗೆ ಹೋಯಿತು. ಹೊರಗಿನಿಂದ ಬೀಗ ಹಾಕಿತ್ತು. ಹೊಸ ಬೀಗ, ಅಂಗಡಿಯವರು ಕಟ್ಟಿದ ದಾರ ಇನ್ನೂ ಅದರಲ್ಲೇ ನೇತಾಡುತ್ತಿತ್ತು.

ರೈಟರ್ ಆಳುಗಳ ಜೊತೆ ತೋಟದೊಳಗೆ ಇದ್ದ ಹೊತ್ತು ನೋಡಿ ನಾನೇ ಹೋದೆ. ಅವಳು ಮುಂಬಾಗಿಲನ್ನು ಅರ್ಧ ತೆರೆದು ಎಡಗೈಯಲ್ಲಿ ಡಬ್ಬಿ ತೆಗೆದುಕೊಂಡಳು. ದೊಡ್ಡವರ ಕೈಯಿಂದ ಎಡಗೈಯಲ್ಲಿ ಏನನ್ನೂ ಈಸಿಕೊಳ್ಳುವ ಹುಡುಗಿಯಲ್ಲ ಅವಳು. ಬಲಗೈ ಸೆರಗಿನೊಳಗಿತ್ತು.

"ಕೈಗೇನಾಯ್ತು?"

"ಏನಿಲ್ಲ ಅಕ್ಕಾ."

"ಹಿಂದಿನ ಬಾಗಿಲಿಗೆ ಬೀಗ ಯಾಕೆ?"

ಅವಳು ಕಣದ ಕಡೆ ನೋಡಿ ದನಿ ತಗ್ಗಿಸಿದಳು. "ಬೇಲಿ ಹತ್ರ ನಿಂತ್ಕಂಡು ಲೈನಿನೋರ ಜೊತೆ ಮಾತಾಡ್ತೀಯ ಅಂತ ಹಾಕವ್ರೆ. ಹಿತ್ಲಿಗೆ ಕಾಲಿಡಂಗಿಲ್ಲ. ಮಾತಾಡಿದ್ರೆ ಕೈ ಎತ್ತಾರೆ. ಇರ್ಲಿ ಬುಡಿ. ಯಾರ್ಗೂ ಹೇಳ್ಬ್ಯಾಡಿ ಅಕ್ಕಾ. ಅವ್ರ ಕೆಲ್ಸ ಹೋದ್ರೆ ಈ ಮನೆ ಹೋಯ್ತದೆ. ಮಗಾ ಎತ್ಕಂಡು ನಾ ಎಲ್ಲಿಗೆ ಹೋಗ್ಲಿ? ತಮ್ಮನ ಮನೇಲಿ ಎಷ್ಟು ದಿನ ಇರಾಕಾಯ್ತದೆ?"

ಹೇಳಬೇಡಿ ಅಂದಿದ್ದಳು. ನಾನು ಹೇಳಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಅನ್ನ ಕಲಸುತ್ತಿದ್ದವರು ನಿಲ್ಲಿಸಿ, "ಕರೆಸಿ ಬುದ್ಧಿ ಹೇಳ್ತೀನಿ ಬಿಡು" ಅಂದರು. ತೋಟಗಳಲ್ಲಿ ಇದು ಮೊದಲಿನಿಂದ ಬಂದ ಪದ್ಧತಿ. ಲೈನಿನಲ್ಲಿ ಜಗಳವಾದರೆ, ಯಾರಾದರೂ ಕುಡಿದು ಬಿದ್ದರೆ, ಯಜಮಾನರು ಕಣಕ್ಕೆ ಕರೆಸುತ್ತಾರೆ. ನಾಲ್ಕು ಮಾತು ಹೇಳುತ್ತಾರೆ. ಅಲ್ಲಿಗೆ ಮುಗಿಯಿತು ಅಂತ ಲೆಕ್ಕ. ನನಗೂ ಅದಕ್ಕಿಂತ ಬೇರೆ ದಾರಿ ಹೊಳೆಯಲಿಲ್ಲ. ಸಂಜೆ ರೈಟರನ್ನು ಕಣಕ್ಕೆ ಕರೆಸಿದರು. ಇಬ್ಬರಿಗೂ ಕಾಫಿ ಮಾಡಿಕೊಟ್ಟವಳೂ ನಾನೇ.

"ಏನಯ್ಯ, ಮನೇಲಿ ಗಲಾಟೆಯಂತೆ?"

"ಇಲ್ಲ ಅಣ್ಣಾವ್ರೆ. ಸಂಸಾರ ಅಂದ್ಮೇಲೆ ಒಂದ್ಮಾತು ಬತ್ತದೆ, ಒಂದ್ಮಾತು ಹೋಯ್ತದೆ."

"ಹೆಣ್ಮಕ್ಳ ಮೇಲೆ ಕೈ ಮಾಡ್ಬಾರ್ದು ಕಣಯ್ಯ. ಓದಿದೋನು ನೀನು."

"ಆಯ್ತು ಅಣ್ಣಾವ್ರೆ. ಇನ್ಮೇಲೆ ಇಲ್ಲ."

ಅವನು ಕಾಫಿ ಕುಡಿದು, ಲೋಟವನ್ನು ಕಣದ ನಲ್ಲಿಯಲ್ಲಿ ತಾನೇ ತೊಳೆದು, ಜಗುಲಿಯ ಮೇಲೆ ಬೋರಲು ಹಾಕಿ ಹೋದ. ಆ ತೊಳೆದ ಲೋಟ ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎಂಟು ದಿನ ಡಬ್ಬಿ ಬರಲೇ ಇಲ್ಲ.

ರಸ್ತೆಯ ತಿರುವಿನ ಹತ್ತಿರ ಅಂಗನವಾಡಿ ಇದೆ. ವಾರಕ್ಕೊಮ್ಮೆ ನಾನು ಮಕ್ಕಳಿಗೆ ತೋಟದ ಬಾಳೆಹಣ್ಣು ಕೊಟ್ಟು ಬರುತ್ತೇನೆ. ಆ ಸಲ ಹೋದ ದಿನ ಮಕ್ಕಳ ತೂಕ ಹಾಕುತ್ತಿದ್ದರು. ರೈಟರ್ ಹೆಂಡತಿಯೂ ಮಗಳನ್ನು ಕರೆತಂದಿದ್ದಳು. ತಲೆ ಮೇಲೆ ಸೆರಗು, ಕಿವಿಯ ಕೆಳಗೆ ಹಳದಿಗೆ ತಿರುಗಿದ ಗುರುತು. ನನ್ನ ಮುಖ ನೋಡದೆ ಮಗುವನ್ನು ಎತ್ತಿಕೊಂಡು ಹೊರಟುಹೋದಳು.

ಅಂಗನವಾಡಿ ಟೀಚರ್ ಆಲೂರಿನ ಕಡೆಯವರು, ಮಾತು ನೇರ. ತಕ್ಕಡಿ ಎತ್ತಿಡುತ್ತಾ ಕೇಳಿದರು: "ಯಜಮಾನ್ರ ಕೈಲಿ ಬುದ್ಧಿ ಹೇಳ್ಸಿದ್ರಂತೆ?"

"ಹೂಂ. ಸರಿಹೋಗುತ್ತೆ ಅಂದ್ಕೊಂಡೆ."

"ಅವ್ರಿಗೆ ಹೇಳಿದ್ದು ಯಾರು ಅಂತ ಅವ್ನು ಮನೆಗೋಗಿ ಕೇಳ್ದೆ ಇರ್ತಾನಾ? ಆ ಮನೇಲಿ ಬಾಯಿ ಇರೋದು ಇವ್ಳೊಬ್ಳಿಗೇ ಅಲ್ವಾ ಅಮ್ಮಾ."

ಬಾಳೆಹಣ್ಣಿನ ಬುಟ್ಟಿ ಇನ್ನೂ ನನ್ನ ಕೈಯಲ್ಲೇ ಇತ್ತು. ಕಣ್ಣು ತುಂಬಿ ಅದನ್ನು ಎಲ್ಲಿಡುವುದೆಂದೂ ಕಾಣಲಿಲ್ಲ.

"ಹಂಗಂತ ಅತ್ತುಬುಟ್ರೆ ಆಯ್ತದಾ?" ಟೀಚರ್ ಬುಟ್ಟಿ ತೆಗೆದುಕೊಂಡರು. "ಇಂಥದ್ದಕ್ಕೇ ಅಂತ ನಮ್ಮ ಇಲಾಖೇಲಿ ಒಬ್ರು ಮೇಡಂ ಅವ್ರೆ. ರಕ್ಷಣಾಧಿಕಾರಿ ಅಂತಾರೆ. ಮೊದ್ಲು ಫೋನ್ ಮಾಡಾಕೆ ಸಹಾಯವಾಣಿ ನಂಬ್ರನೂ ಐತೆ. ನೋಡಿ, ನಿಮ್ಮ ಹಿಂದೇನೇ."

ತಿರುಗಿ ನೋಡಿದೆ. ತರಕಾರಿಗಳ ಚಿತ್ರದ ಪಕ್ಕ, ಕ್ಯಾಲೆಂಡರಿನ ಹಿಂದೆ ಅರ್ಧ ಮರೆಯಾಗಿ, ಹೆಣ್ಣುಮಕ್ಕಳ ಸಹಾಯವಾಣಿಯ ಭಿತ್ತಿಪತ್ರ. ಮೂರೇ ಅಂಕಿಯ ನಂಬರು. ಎಷ್ಟೋ ವಾರಗಳಿಂದ ಅದರ ಕೆಳಗಿನ ಬೆಂಚಿನ ಮೇಲೇ ನಾನು ಬುಟ್ಟಿ ಇಡುತ್ತಿದ್ದೆ. ಅಂಚಿನಲ್ಲಿ ಬಿಡಿಸಿದ್ದ ದಾಸವಾಳವನ್ನು ನೋಡಿದ್ದೆ, ಅಕ್ಷರಗಳನ್ನು ಓದಿರಲಿಲ್ಲ. ಅದು ಇನ್ಯಾರಿಗೋ ಅಂಟಿಸಿದ್ದು ಅಂತ ಇದ್ದಿರಬೇಕು ನನ್ನ ಮನಸ್ಸಿನಲ್ಲಿ.

ನಮ್ಮಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಆ ತಿರುವಿನ ಮೈಲಿಗಲ್ಲಿನ ಹತ್ತಿರ ಮಾತ್ರ. ಟೀಚರ್ ಫೋನಿನಿಂದ ಅಲ್ಲಿ ನಿಂತು ಮಾಡಿದೆವು. ಆ ಕಡೆಯ ಹೆಂಗಸು ಅವಸರ ಮಾಡಲಿಲ್ಲ. ಮೊದಲು ಕೇಳಿದ್ದು, ನೀವು ಮಾತಾಡುತ್ತಿರುವ ಜಾಗದಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ. ಆಮೇಲೆ ಮಗು ಇದೆಯಾ, ಏಟು ಎಲ್ಲೆಲ್ಲಿ ಬಿದ್ದಿದೆ ಅಂತ. ಕೊನೆಗೆ, "ಅವರಿಗೆ ಏನು ಬೇಕು ಅಂತ ಅವರನ್ನೇ ಕೇಳಿದ್ದೀರಾ ಮೇಡಂ?"

ನಾನು ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಕೇಳಿದೆ. ಮಕ್ಕಳು ಮಲಗಿದ್ದ ಹೊತ್ತಿನಲ್ಲಿ, ಅಂಗನವಾಡಿಯ ಒಲೆಯ ಮುಂದೆ. ಮೊದಲು ನನ್ನ ತಪ್ಪಾಯಿತೆಂದು ಹೇಳಿದೆ, ಆಮೇಲೆ ರಕ್ಷಣಾಧಿಕಾರಿ ಮೇಡಂ ವಿಷಯ. 

"ನೀವು ಒಳ್ಳೇದಕ್ಕೇ ಮಾಡಿದ್ರಿ ಅಕ್ಕಾ. ಏಟು ನಂಗೆ ಬಿತ್ತು," ಅಂದಳು. ಬೈದಿದ್ದರೂ ವಾಸಿಯಿತ್ತು. ಆಮೇಲೆ, "ಹೊಡೆಯೋದು ನಿಲ್ಬೇಕು. ಮನೆ ಇರ್ಬೇಕು. ಇಷ್ಟೇ ನಂಗೆ ಬೇಕಾಗಿರೋದು. ಆ ಮೇಡಂ ಹತ್ರ ಬತ್ತೀನಿ. ಆದ್ರೆ ಏನಂತ ಹೇಳಿ ಬರ್ಲಿ?"

ದಾರಿಯನ್ನು ಟೀಚರೇ ಹುಡುಕಿದರು. ಮಗುವಿನ ತೂಕ ಕಡಿಮೆ ಇದೆ, ತಾಲ್ಲೂಕು ಆಸ್ಪತ್ರೆಗೆ ತೋರಿಸಬೇಕೆಂದು ಚೀಟಿ ಬರೆದರು. "ಸುಳ್ಳೇನಲ್ಲ. ಮುಕ್ಕಾಲು ಕೆಜಿ ಕಮ್ಮಿನೇ ಐತೆ. ಅಂಥ ಮನೇಲಿ ಮಗಾ ಉಣ್ಣದಾದ್ರೂ ಹೆಂಗೆ?"

ಮಂಗಳವಾರ ಬೆಳಿಗ್ಗೆ ಜೀಪಿಗೆ ಹೊರಟೆವು. ನಮ್ಮ ಕಡೆಯಿಂದ ಸಕಲೇಶಪುರಕ್ಕೆ ಬಾಡಿಗೆ ಹೊಡೆಯುವ ಜೀಪಿನವರು ಪೇಟೆಯ ಸಾಬರು. ಎಲ್ಲರಿಗೂ ಅವರು ಭಾಯಿ. ರೈಟರ್ ಜೀಪಿನ ತನಕ ಬಂದ. ಚೀಟಿಯನ್ನು ಎರಡು ಸಲ ಓದಿದ. ನನ್ನನ್ನು ನೋಡಿ ನಕ್ಕು, "ಅಮ್ಮಾವ್ರೇ ಜೊತೇಲಿ ಅವ್ರೆ, ಸರಿ. ಎಷ್ಟೊತ್ತಿಗೆ ಬತ್ತೀರಿ?" ಅಂದ.

ಭಾಯಿಗೆ ವಿಷಯವೇನೂ ಗೊತ್ತಿರಲಿಲ್ಲ. ಆದರೂ ಅವರೇ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಟೈಮ್ ಕೇಳ್ಬೇಡ ಮಾರಾಯ. ಈ ರೋಡಲ್ಲಿ ನನ್ನ ಗಾಡಿ ಹೋಗೋದು ನನ್ನ ಕೈಲಿ ಐತೆ, ಬರೋದು ದೇವರ ಕೈಲಿ. ಆಸ್ಪತ್ರೆ ಕ್ಯೂ ಬೇರೆ. ಬಂದಾಗ ಬಂದೆವು." ಎಂದವರೇ ಗೇರ್ ಹಾಕಿಬಿಟ್ಟರು. ಮೊದಲ ಇಳಿಜಾರು ದಾಟುವ ತನಕ ಅವಳು ಸೀಟಿನ ಕಂಬಿ ಬಿಡಲಿಲ್ಲ. ಆಮೇಲೆ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಮಗಳ ಕೂದಲು ಸರಿಮಾಡಿದಳು.

ಆಸ್ಪತ್ರೆಯಲ್ಲಿ ಮಗುವಿನ ಜೊತೆಗೆ ಅವಳ ಕೈಯನ್ನೂ ತೋರಿಸಿ, ಬರೆಸಿಕೊಂಡು, ಅಲ್ಲಿಂದ ಕಚೇರಿಗೆ ಹೋದೆವು. ನಾನು ದೊಡ್ಡ ಮೇಜು, ಗದರುವ ದನಿ ಏನೇನೋ ಊಹಿಸಿಕೊಂಡಿದ್ದೆ. ಚಿಕ್ಕ ಕೋಣೆ, ಮೂರು ಪ್ಲಾಸ್ಟಿಕ್ ಕುರ್ಚಿ. ಅಧಿಕಾರಿ ಮೇಡಂ ನನ್ನ ವಯಸ್ಸಿನವರು. ಬಾಗಿಲು ಮುಂದೆ ಮಾಡಿ, ಮಗುವಿಗೆ ಪೆನ್ಸಿಲು, ಹಾಳೆ ಕೊಟ್ಟು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ನಡುವೆ ನಾನು ವಿವರಿಸಲು ಹೋದಾಗ ಕೈ ಎತ್ತಿ, "ಅವರು ಹೇಳಲಿ" ಅಂದರು. ವರದಿ ಕೋರ್ಟಿಗೆ ಹೋಗುತ್ತದೆ, ವಕೀಲರು ಉಚಿತವಾಗಿ ಸಿಗುತ್ತಾರೆ, ಹೊಡೆಯಬಾರದು ಅಂತಲೂ ಮನೆಯಿಂದ ಹೊರಗೆ ಹಾಕಬಾರದು ಅಂತಲೂ ಆದೇಶ ಕೇಳಬಹುದು, ಅಲ್ಲಿಯ ತನಕ ಭಯವಾದರೆ ಹಾಸನದಲ್ಲಿ ಮಗುವಿನ ಜೊತೆ ಉಳಿಯುವ ಜಾಗವಿದೆ ಎಂದು ಒಂದೊಂದಾಗಿ ತಿಳಿಸಿದರು.

ಆಮೇಲೆ ಕೇಳಿದರು: "ಈಗಿರೋ ಮನೆ ಯಾರದ್ದು?"

ಅವಳು ನನ್ನ ಕಡೆ ನೋಡಿದಳು.

"ನಮ್ಮದು," ಅಂದೆ.

"ಅವನು ಕೆಲಸ ಬಿಟ್ಟರೂ ಮನೆ ಇವರಿಗಿರುತ್ತೆ ಅಂತ ನೀವು ಬರೆದುಕೊಡಬಹುದಾ?"

ಅವಳ ಇಷ್ಟು ದಿನದ ಭಯವೆಲ್ಲ ಆ ಮನೆಯದು. ಅದರ ಮುಂಬಾಗಿಲಿನ ಇನ್ನೊಂದು ಬೀಗದ ಕೈ ನಮ್ಮ ಹಜಾರದ ಮೊಳೆಗೆ ನೇತುಹಾಕಿತ್ತು. ನಾನು ದಿನಾ ಅದರ ಧೂಳು ಒರೆಸುತ್ತಿದ್ದೆ.

"ನಮ್ಮವರನ್ನ ಕೇಳಬೇಕು," ಅಂದೆ. ಮೇಡಂ ಪೆನ್ನಿನ ಕ್ಯಾಪು ಹಾಕಿದರು ಅಷ್ಟೆ.

ಆ ದಿನ ಅವಳು ವಾಪಸ್ ಬರಲಿಲ್ಲ. ಮಗಳೊಂದಿಗೆ ಹಾಸನಕ್ಕೆ ಹೋದಳು, ಕಚೇರಿಯವರೇ ಕರೆದುಕೊಂಡು ಹೋದರು. ಜೀಪಿನಲ್ಲಿ ನಾನೊಬ್ಬಳೇ. ಭಾಯಿ ಕನ್ನಡಿಯಲ್ಲಿ ನನ್ನನ್ನು ನೋಡಿದರು. ತೋಟದ ಗೇಟಿನಲ್ಲಿ ರೈಟರ್ ನಿಂತಿದ್ದ. ಜೀಪನ್ನು ಭಾಯಿ ಅಲ್ಲಿ ನಿಲ್ಲಿಸದೆ ಸೀದಾ ನಮ್ಮ ಜಗುಲಿಯ ತನಕ ತಂದರು.

ನಮ್ಮವರು ಕಣದಲ್ಲಿ ಕಾಫಿ ಹರವಿಸುತ್ತಿದ್ದರು. ಕೈಕಾಲು ತೊಳೆಯುವುದಕ್ಕೂ ಹೋಗದೆ ಅಲ್ಲೇ ಎಲ್ಲ ಹೇಳಿದೆ. ಮದುವೆಯಾದಾಗಿನಿಂದ ತೋಟದ ಯಾವ ಕಾಗದವನ್ನೂ ನಾನು ಕೇಳಿದವಳಲ್ಲ.

"ನಾನು ಬುದ್ಧಿ ಹೇಳಿದ್ದೇ ತಪ್ಪಾಯ್ತಾ ಹಂಗಾದ್ರೆ?" ಅಂದರು.

"ಇಬ್ರದ್ದೂ ತಪ್ಪು ರೀ. ನಾನು ನಿಮಗೆ ಹೇಳ್ದೆ, ನೀವು ಅವನಿಗೆ ಹೇಳಿದ್ರಿ. ಅವಳನ್ನ ಇಬ್ರೂ ಕೇಳ್ಲಿಲ್ಲ."

ಅವರು ಕಾಲಿನಿಂದ ಒಂದಷ್ಟು ಕಾಫಿ ಸರಿಸುತ್ತಾ ನಿಂತರು. "ನರ್ಸರಿಗೆ ಒಬ್ರು ಬೇಕಿತ್ತು. ಗಿಡ ನೋಡ್ಕೊಳ್ಳೋಕೆ. ಆ ಕೆಲಸ ಅವಳಿಗೆ ಕೊಟ್ಟು, ಅವಳ ಹೆಸರಲ್ಲೇ ಮನೆ ಬರೆದುಕೊಟ್ರೆ ಆಯ್ತಲ್ಲ?" ಅಂದರು. ಆಮೇಲೆ, "ಇದನ್ನಾದ್ರೂ ಅವಳನ್ನ ಕೇಳು ಮೊದ್ಲು," ಅಂದರು.

ಕೇಳಿದೆ. ಮೈಲಿಗಲ್ಲಿನ ಹತ್ತಿರ ನಿಂತು, ಹಾಸನಕ್ಕೆ ಫೋನು ಮಾಡಿ. ಹೂಂ ಅಂದಳು.

ಕೋರ್ಟಿನ ಮೊದಲ ಆದೇಶ ಬರುವ ತನಕ ಅವಳು ಅಲ್ಲೇ ಇದ್ದಳು. ಆದೇಶ ಬಂದ ಮೇಲೆ ಅವನು ಮನೆ ಬಿಡಬೇಕಾಯಿತು. ಬೇರೆ ತೋಟಕ್ಕೆ ಸೇರಿದ. ಎಲ್ಲ ಮುಗಿದಿದೆಯೆಂದಲ್ಲ. ಕೇಸು ಇನ್ನೂ ನಡೆಯುತ್ತಿದೆ. ತಾರೀಕಿನ ದಿನ ಅವಳು ಒಬ್ಬಳೇ ಹೋಗಿ ಬರುತ್ತಾಳೆ. ಹಿಂದಿನ ದಿನ ಊಟ ಸೇರುವುದಿಲ್ಲ ಅನ್ನುತ್ತಾಳೆ. ಜೊತೆಗೆ ಬರಲಾ ಅಂದರೆ, "ಬೇಕಂದ್ರೆ ಕರೀತೀನಿ ಅಕ್ಕಾ" ಅನ್ನುತ್ತಾಳೆ. ಕರೆಯುವ ತನಕ ಸುಮ್ಮನಿರುವುದನ್ನು ನಾನು ಕಲಿಯುತ್ತಿದ್ದೇನೆ.

ಅವಳು ಮಗಳನ್ನು ಕರೆದುಕೊಂಡು ಆ ಮನೆಗೆ ವಾಪಸ್ ಬಂದ ಮೂರನೇ ದಿನ, ನನ್ನ ಸ್ಟೀಲ್ ಡಬ್ಬಿ ಹಿಡಿದು ಜಗುಲಿಗೆ ಬಂದಳು. ಅಷ್ಟು ದಿನದಿಂದ ಅವಳ ಹತ್ತಿರವೇ ಉಳಿದಿತ್ತು ಅದು. ಬಲಗೈಯಲ್ಲಿ ಕೊಟ್ಟಳು. ತುಂಬಾ ಭಾರ. ಮುಚ್ಚಳ ತೆಗೆದರೆ ಕರಿಬೇವು, ಆಗ ತಾನೇ ಕಿತ್ತದ್ದು. ಅದರ ಕೆಳಗೆ ಬೀಗ. ದಾರ ಇನ್ನೂ ಹಾಗೇ ಇತ್ತು.

"ಸ್ಟೋರಿಗೆ ಹಾಕ್ಕಳಿ ಅಕ್ಕಾ. ಗಟ್ಟಿ ಐತೆ," ಅಂದಳು. "ನಂಗಂತೂ ಬ್ಯಾಡ."

ದಾರ ಕತ್ತರಿಸಿ ಅದನ್ನು ಕಾಫಿ ಸ್ಟೋರಿನ ಬಾಗಿಲಿಗೆ ಹಾಕಿಸಿದೆ. ಮರುದಿನ ಬೆಳಿಗ್ಗೆ ಕಡುಬು ಮಾಡಿದ್ದೆ. ಡಬ್ಬಿಗೆ ನಾಲ್ಕು ಹಾಕಿ, ಕಣದ ಪಕ್ಕದಿಂದ ಇಳಿದು, ಅವಳ ಹಿಂಬಾಗಿಲಿಗೆ ಹೋದೆ. ತೆರೆದೇ ಇತ್ತು.