ಮೂವತ್ತೈದು ನಿಮಿಷದ ಗೋಪುರ

1996ರ ಜನವರಿ. ಕತಾರ್‌ನ ದೋಹಾ ಅಲ್ ಜದೀದಾ ಬಡಾವಣೆಯ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ನಾನು ಟೂರ್ ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ಧಾರವಾಡದವಳು, ಯಜಮಾನರು ದುಖಾನ್ ತೈಲ ಕ್ಷೇತ್ರದಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ಆ ಡೆಸ್ಕಿನಲ್ಲಿ ಕುಳಿತು ಆರು ವರ್ಷವಾಗಿತ್ತು. ಸಿಟ್ಟು ಬಂದರೆ ಮುಖದಲ್ಲಿ ಮುಚ್ಚಿಟ್ಟುಕೊಳ್ಳುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವ ಕಥೆಯಲ್ಲಿ ತಪ್ಪು ಒಬ್ಬರದೇ ಅಲ್ಲ.

ಕೃಷ್ಣಸ್ವಾಮಿ ಎಂಬುವರು ಪತ್ನಿಯೊಂದಿಗೆ ಬಂದು ನನ್ನೆದುರು ಕುಳಿತರು. ಮೈಸೂರಿನವರು. ಒಂದು ಕಟ್ಟಡ ಕಂಪನಿಯಲ್ಲಿ ಪ್ಲಾನಿಂಗ್ ಎಂಜಿನಿಯರ್, ಅಬು ಹಮೂರ್‌ನ ಕಾಂಪೌಂಡ್ ಒಂದರಲ್ಲಿ ಮನೆ. ಬಕ್ರೀದ್ ರಜೆಯಲ್ಲಿ ಚೀನಾದ ಶಿಯಾನ್ ನಗರ ನೋಡಿ ಬರಬೇಕು ಎಂದರು. ಅವರ ಜನರಲ್ ಮ್ಯಾನೇಜರ್ ಅಲ್ಲಿಗೆ ಹೋಗಿ ಮಣ್ಣಿನ ಸೈನಿಕರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದಿದ್ದರಂತೆ. ಅಂಥದೇ ಫೋಟೊ ಇವರಿಗೂ ಬೇಕಿತ್ತು.

ಪತ್ನಿ ಭಾರತೀಯ ಶಾಲೆಯೊಂದರಲ್ಲಿ ಇತಿಹಾಸದ ಟೀಚರ್. ಬಾದಾಮಿ ಚಾಲುಕ್ಯರ ಕಾಲದಲ್ಲಿ ನಮ್ಮ ನಾಡಿಗೂ ಬಂದುಹೋದ ಚೀನೀ ಯಾತ್ರಿಕನ ಪಾಠವನ್ನು ಹದಿನೆಂಟು ವರ್ಷದಿಂದ ಹೇಳುತ್ತಿದ್ದೇನೆ ಎಂದರು. ಆತ ಭಾರತದಿಂದ ಹೊತ್ತುಕೊಂಡು ಹೋದ ಗ್ರಂಥಗಳನ್ನು ಇಡಲು ಕಟ್ಟಿದ ಗೋಪುರ ಶಿಯಾನ್‌ನಲ್ಲೇ ಇದೆ. ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ಅವರ ಆಸೆ. "ಆ ಗೋಪುರ ಪ್ಲಾನ್‌ನಲ್ಲಿ ಬರುತ್ತಾ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ ಉತ್ತರ ಕೊಟ್ಟರು: "ಎಲ್ಲಾ ಬರುತ್ತೆ. ಅದಕ್ಕೆ ಮೂವತ್ತೈದು ನಿಮಿಷ ಸಾಕು." ನಾನೂ ತಲೆ ತಗ್ಗಿಸಿ ಮೂವತ್ತೈದು ಎಂದು ಬರೆದುಕೊಂಡೆ. ಫೈಲಿನ ಮೇಲೆ 'ಮಿ. ಕೃಷ್ಣಸ್ವಾಮಿ ಪ್ಲಸ್ ಒನ್' ಎಂದು ಬರೆದೆ. ಗಂಡನ ಹೆಸರಿನಲ್ಲಿ ಬರುವ ಜೋಡಿಗಳಿಗೆಲ್ಲ ನಮ್ಮಲ್ಲಿ ಹಾಗೆಯೇ ಬರೆಯುತ್ತಿದ್ದೆವು.

ಆಗಿನ ಕಾಲಕ್ಕೆ ಈ ಪ್ರವಾಸ ಸುಲಭದ್ದಲ್ಲ. ದೋಹಾದಿಂದ ಬಹ್ರೇನ್, ಅಲ್ಲಿಂದ ಹಾಂಗ್‌ಕಾಂಗ್, ಅಲ್ಲಿಂದ ಶಿಯಾನ್. ಹೋಗಿ ಬರುವುದನ್ನು ಕಳೆದರೆ ಊರು ನೋಡಲು ಉಳಿಯುವುದು ಎರಡೂವರೆ ದಿನ. ಚೀನಾ ವೀಸಾಕ್ಕೆ ಪಾಸ್‌ಪೋರ್ಟ್ ಬೇಕು, ಆದರೆ ಪಾಸ್‌ಪೋರ್ಟ್ ಇರುತ್ತಿದ್ದುದು ಕಂಪನಿಯ ಕಪಾಟಿನಲ್ಲಿ. ಅದನ್ನು ಬಿಡಿಸಲು ಮಂದೂಬ್, ಅಂದರೆ ಸರ್ಕಾರಿ ಕಚೇರಿಗಳಲ್ಲಿ ಕಂಪನಿಯ ಕಾಗದ ಓಡಾಡಿಸುವವನು, ಮನಸ್ಸು ಮಾಡಬೇಕು. ಕೊನೆಯಲ್ಲಿ ಖುರೂಜ್. ದೇಶ ಬಿಟ್ಟು ಹೋಗಲು ನಮ್ಮನ್ನು ಕೆಲಸಕ್ಕಿಟ್ಟುಕೊಂಡವರು ಕೊಡಬೇಕಾದ ಎಕ್ಸಿಟ್ ಪರ್ಮಿಟ್ ಇದು. ಒಂದೇ ಪ್ರಯಾಣಕ್ಕೆ, ಕೆಲವೇ ದಿನಗಳ ಅವಧಿಗೆ. ಗಂಡನಿಗೆ ಕಂಪನಿಯಿಂದ ಬರಬೇಕಿತ್ತು. ಟೀಚರ್ ಶಾಲೆಯ ವೀಸಾದಲ್ಲಿದ್ದುದರಿಂದ ಅವರದು ಶಾಲೆಯಿಂದ.

ಇವೆಲ್ಲವನ್ನೂ ನಾನು ನಿಭಾಯಿಸಬಲ್ಲವಳಾಗಿದ್ದೆ. ನಿಭಾಯಿಸಲಾಗದೆ ಹೋದದ್ದು ಕೃಷ್ಣಸ್ವಾಮಿಯವರ ಚಾರ್ಟನ್ನು. ಮೊದಲ ವಾರದಲ್ಲೇ ಅವರು ದೊಡ್ಡ ಹಾಳೆಯೊಂದನ್ನು ತಂದು ಮೇಜಿನ ಮೇಲೆ ಹಾಸಿದರು. ಕಟ್ಟಡದ ಕೆಲಸಕ್ಕೆ ಹಾಕುವಂಥ ಬಾರ್ ಚಾರ್ಟ್. ಯಾವ ಕೆಲಸ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯಬೇಕು ಎಂಬುದನ್ನು ಪಟ್ಟಿಗಳಲ್ಲಿ ತೋರಿಸುವ ನಕ್ಷೆ. ಗಂಟೆ ಗೋಪುರ ಇಪ್ಪತ್ತೈದು ನಿಮಿಷ. ಕೋಟೆ ಗೋಡೆ ಒಂದು ಗಂಟೆ ಹತ್ತು ನಿಮಿಷ. ಮಣ್ಣಿನ ಸೈನಿಕರು ಎರಡೂಕಾಲು ಗಂಟೆ. ಶೌಚಾಲಯಕ್ಕೆ ಎಂಟು ನಿಮಿಷ. ಇದನ್ನು ಶಿಯಾನ್‌ನ ಗೈಡ್ ಕಂಪನಿಗೆ ಫ್ಯಾಕ್ಸ್ ಮಾಡಿ ಸಹಿ ತರಿಸಿ ಎಂದರು. ಮಾಡಿದೆ. ಟಿಕೆಟ್ ಸಾಲಿನಲ್ಲಿ ಎಷ್ಟು ಜನ ಇರುತ್ತಾರೋ ನಮಗೆ ಹೇಗೆ ಗೊತ್ತು ಎಂದು ಗೈಡ್ ಕಂಪನಿಯವರು ಬರೆದರು. ಮಾಂಸ, ಮೀನು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ ಎಂದು ಕಳಿಸಿದ್ದಕ್ಕೆ, ಹಾಗಾದರೆ ಈ ಅತಿಥಿಗಳು ಏನು ತಿನ್ನುತ್ತಾರೆ ಎಂದು ಕೇಳಿದರು. ಅದನ್ನು ಓದಿ ನಾನು ನಕ್ಕೆ, ಎದುರಿಗಿದ್ದ ಕೃಷ್ಣಸ್ವಾಮಿ ನಗಲಿಲ್ಲ. ಅಲ್ಲಿಂದ ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ.

ಮೂರು ತಿಂಗಳಲ್ಲಿ ಐದು ಸಲ ಪ್ಲಾನ್ ಬದಲಾಯಿತು. ಪ್ರತಿ ಸಲವೂ ಅದರ ಮೇಲೆ ಕೆಂಪು ಶಾಯಿಯ ಗುರುತುಗಳು. ನನ್ನ ಧಾರವಾಡದ ಮಾತನ್ನು ಅಣಕಿಸಿ, ನಿಮ್ಮ ಕಡೆಯವರಿಗೆ ಟೈಮು ಅನ್ನೋದೇ ಇಲ್ಲ ಎಂದರು. ನಿಮ್ಮ ಕಡೆಯವರಿಗೆ ಟೈಮು ಬಿಟ್ಟರೆ ಬೇರೇನೂ ಇಲ್ಲ ಎಂದೆ. ಮಾರ್ಚ್ ಕೊನೆಗೆ ಅವರು ನಮ್ಮ ಮ್ಯಾನೇಜರ್‌ಗೆ ಎರಡು ಪುಟದ ದೂರು ಬರೆದರು. ಮ್ಯಾನೇಜರ್ ತ್ರಿಶೂರಿನವರು, ಮೆದು ಮಾತಿನ ಮನುಷ್ಯ. ಆ ಕಟ್ಟಡ ಕಂಪನಿಯ ನೂರಾರು ಕೆಲಸಗಾರರ ಟಿಕೆಟ್ಟು ನಮ್ಮಲ್ಲೇ ಆಗುವುದು, ಇನ್ನೊಂದು ದೂರು ಬಂದರೆ ನಿಮ್ಮನ್ನು ಈ ಡೆಸ್ಕಿನಲ್ಲಿ ಇಟ್ಟುಕೊಳ್ಳಲಾರೆ ಎಂದು ಅಷ್ಟೇ ಮೆದುವಾಗಿ ಹೇಳಿದರು.

ಏಪ್ರಿಲ್‌ನಲ್ಲಿ ವೀಸಾ ಬಂತು. ಹೊರಡುವುದು ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಕೃಷ್ಣಸ್ವಾಮಿ ಪಂಚಾಂಗ ಹಿಡಿದು ಬಂದರು. ಶುಕ್ರವಾರ ನವಮಿ, ಗುರುವಾರ ಅಷ್ಟಮಿ, ಬುಧವಾರಕ್ಕೆ ಬದಲಾಯಿಸಿ ಎಂದರು. ಹಬ್ಬದ ವಾರದಲ್ಲಿ ಸೀಟು ಎಲ್ಲಿಂದ ತರಲಿ? ಅಷ್ಟು ಹೇಳಿ ಸುಮ್ಮನಿದ್ದರೆ ಮುಗಿಯುತ್ತಿತ್ತು. "ಅಷ್ಟಮಿ ನವಮಿ ನೋಡಿ ವಿಮಾನ ಹಾರೂದಿಲ್ರಿ ಸರ್" ಎಂದು ಸೇರಿಸಿದೆ. ಅವರ ಮುಖ ಕೆಂಪಾಯಿತು. ಪತ್ನಿ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು.

ಆಮೇಲೆ ನನ್ನ ಮೇಲೆ ಮತ್ತೊಂದು ತಪ್ಪು ಹೊರಿಸಬಾರದೆಂದು ಒಂದು ಹಾಳೆ ಟೈಪ್ ಮಾಡಿದೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಎಕ್ಸಿಟ್ ಪರ್ಮಿಟ್ ನಾಲ್ಕನ್ನೂ ಒಂದೇ ಬ್ಯಾಗಿನಲ್ಲಿಡತಕ್ಕದ್ದು. ವಿಮಾನ ನಿಲ್ದಾಣ ತಲುಪುವವರೆಗೆ ತೆಗೆಯಕೂಡದು. ಇಬ್ಬರ ಕಾಗದಗಳನ್ನೂ ಎರಡು ಕಂದು ಲಕೋಟೆಗಳಲ್ಲಿ ಹಾಕಿ, ಹಾಳೆಗೆ ಅವರ ಸಹಿ ಹಾಕಿಸಿಕೊಂಡು ಕೊಟ್ಟೆ. ಅದು ಬುಧವಾರ ಮಧ್ಯಾಹ್ನ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮನೆಯ ಫೋನು ಹೊಡೆದುಕೊಂಡಿತು. ಕೃಷ್ಣಸ್ವಾಮಿ ಐನ್ ಖಾಲಿದ್‌ನ ಕಿರಾಣಿ ಅಂಗಡಿಯೊಂದರಿಂದ ಕೂಗುತ್ತಿದ್ದರು. ಅವರ ಕೂಗಾಟದಿಂದ ವಿಷಯ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ನವಮಿಯ ದಿನ ಹೊರಡುವ ದೋಷ ತಪ್ಪಿಸಲು ಅವರು ಬುಧವಾರ ಸಂಜೆಯೇ, ಸಪ್ತಮಿ ಇರುವಾಗ, ಪ್ರಸ್ಥಾನ ಇಟ್ಟಿದ್ದರು. ಒಳ್ಳೆಯ ದಿನ ಪ್ರಯಾಣದ ಸಾಮಾನಿನಲ್ಲಿ ಒಂದನ್ನು ಮನೆಯಿಂದ ಹೊರಡಿಸಿ ಬೇರೆಯವರ ಮನೆಯಲ್ಲಿಟ್ಟರೆ ನಾವೇ ಅಂದು ಹೊರಟಂತೆ. ನಿಜವಾಗಿ ಹೊರಡುವ ದಿನ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋಗುವುದು, ಮತ್ತೆ ಮನೆಗೆ ತರುವಂತಿಲ್ಲ. ನಮ್ಮ ಕಡೆಯೂ ಇರುವ ಪದ್ಧತಿ. ಜನ ಒಂದು ಪಂಚೆಯನ್ನೋ ಅಕ್ಕಿ, ತೆಂಗಿನಕಾಯಿಯ ಗಂಟನ್ನೋ ಇಡುತ್ತಾರೆ. ಕೃಷ್ಣಸ್ವಾಮಿ ಅಚ್ಚುಕಟ್ಟಿನ ಮನುಷ್ಯ. ಪ್ರಯಾಣಕ್ಕೆ ಅತಿ ಮುಖ್ಯವಾದದ್ದನ್ನೇ ಇಟ್ಟಿದ್ದರು, ನನ್ನ ಹಾಳೆಯ ಪ್ರಕಾರ ನಾಲ್ಕೂ ಕಾಗದ ತುಂಬಿ ಮುಚ್ಚಿದ ಬ್ಯಾಗನ್ನು.

ಬ್ಯಾಗು ಇದ್ದದ್ದು ಐನ್ ಖಾಲಿದ್‌ನಲ್ಲಿ, ಅವರ ಪರಿಚಯದ ಶೆಟ್ಟರೊಬ್ಬರ ಮನೆಯಲ್ಲಿ. ಶೆಟ್ಟರ ಮನೆಗೆ ಬೀಗ. ಹಬ್ಬದ ರಜೆಯೆಂದು ಸಂಸಾರ ಸಮೇತ ಬೆಳಕು ಹರಿಯುವ ಮೊದಲೇ ಸಮುದ್ರ ತೀರಕ್ಕೆ ಹೋಗಿದ್ದರು. ಯಾವ ತೀರ ಎಂದು ಪಕ್ಕದ ಮನೆಯವರಿಗೆ ಗೊತ್ತಿಲ್ಲ. ಶುಕ್ರವಾರ ತೆಗೆದುಕೊಳ್ಳುತ್ತೇನೆ ಎಂದು ಕೃಷ್ಣಸ್ವಾಮಿ ಹೇಳಿದ್ದರು, ಎಷ್ಟು ಹೊತ್ತಿಗೆ ಎಂದು ಹೇಳಿರಲಿಲ್ಲ. ಊರಿಗೆ ಹೋಗುವ ನಮ್ಮ ಜನ ಹತ್ತುತ್ತಿದ್ದುದು ಹೆಚ್ಚಾಗಿ ರಾತ್ರಿಯ ವಿಮಾನವನ್ನೇ. ಇದೂ ಹಾಗೇ ಇರಬೇಕು, ಮಧ್ಯಾಹ್ನದೊಳಗೆ ಮನೆಗೆ ಬಂದರಾಯಿತು ಎಂದುಕೊಂಡಿದ್ದರಂತೆ ಶೆಟ್ಟರು. ಎಂಟು ನಿಮಿಷದ ಶೌಚಾಲಯವನ್ನೂ ಬರೆದಿಟ್ಟಿದ್ದ ಮನುಷ್ಯ ಇದೊಂದನ್ನು ಬರೆದುಕೊಟ್ಟಿರಲಿಲ್ಲ.

"ಎಲ್ಲಾ ಒಂದೇ ಬ್ಯಾಗಲ್ಲಿಡಿ, ತೆಗೀಬೇಡಿ ಅಂತ ಬರೆದವರು ನೀವು. ಈಗ ಜವಾಬ್ದಾರಿ ನಿಮ್ಮದೇ" ಎಂದರು. ಊರವರ ಮನೆಯಲ್ಲಿ ಇಡಿ ಎಂದು ಎಲ್ಲಿ ಬರೆದಿದ್ದೇನೆ ತೋರಿಸಿ ಎಂದೆ. ಬೀಗ ಒಡೆಯುತ್ತೇನೆ ಎಂದರು. ಈ ದೇಶದಲ್ಲಿ ಪರರ ಮನೆಯ ಬೀಗ ಒಡೆದರೆ ಖುರೂಜ್ ಕೇಳದೆಯೇ ಸಿಗುತ್ತದೆ, ಅದೂ ಶಾಶ್ವತವಾಗಿ ಎಂದೆ. ಕೊನೆಗೆ, ಇಬ್ಬರೂ ನೇರ ಏರ್‌ಪೋರ್ಟಿಗೆ ಬನ್ನಿ, ಬೇರೆಯವರ ಟಿಕೆಟ್ ವಾಪಸಾಗಿ ಸಂಜೆಯ ಯಾವುದಾದರೂ ವಿಮಾನದಲ್ಲಿ ಸೀಟು ಸಿಗುವುದೋ ನೋಡೋಣ ಎಂದು ಫೋನಿಟ್ಟು ಟ್ಯಾಕ್ಸಿ ಹಿಡಿದೆ.

ಏರ್‌ಪೋರ್ಟಿನಲ್ಲಿ ಕೌಂಟರ್ ಮುಚ್ಚುವುದು ಹತ್ತಕ್ಕೆ. ಸಂಜೆಗೆ ಸೀಟಿಲ್ಲ, ಮರುದಿನವೂ ಇಲ್ಲ. ಒಂದು ದಿನ ತಪ್ಪಿದರೆ ಮುಂದಿನ ಹಾಂಗ್‌ಕಾಂಗ್ ವಿಮಾನವೂ ತಪ್ಪುತ್ತದೆ, ರಜೆಯೂ ಮುಗಿಯುತ್ತದೆ. ಇದನ್ನು ಹೇಳಿದಾಗ ಕೃಷ್ಣಸ್ವಾಮಿ ಜನರೆಲ್ಲ ತಿರುಗಿ ನೋಡುವಂತೆ ನನ್ನನ್ನು ಬೈದರು. ನಿಮ್ಮ ಫೈಲಿನಲ್ಲಿ ಪಾಸ್‌ಪೋರ್ಟ್ ಕಾಪಿ ಇದೆಯಲ್ಲ, ಅದನ್ನು ತೋರಿಸಿ ಹತ್ತಿಸಿ ಎಂದರು. ಝೆರಾಕ್ಸ್ ತೋರಿಸಿ ಯಾರಾದರೂ ದೇಶ ದಾಟಿದ್ದು ಕೇಳಿದ್ದೀರಾ ಎಂದು ನಾನೂ ದನಿ ಏರಿಸಿದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂರು ತಿಂಗಳ ಕೆಲಸ, ಮೇಲಾಗಿ ನನ್ನ ನೌಕರಿ, ಎರಡೂ ಯಾರದೋ ಮನೆಯ ಬೀಗದ ಹಿಂದೆ ಕುಳಿತಿದ್ದವು.

ಆಗ ಅವರ ಪತ್ನಿ ಕೈಚೀಲ ತೆರೆದು ಕಂದು ಲಕೋಟೆಯೊಂದನ್ನು ಕೌಂಟರಿನ ಮೇಲಿಟ್ಟರು.

"ನನ್ನದು ನನ್ನ ಹತ್ರಾನೇ ಇದೆ" ಎಂದರು.

ಚೀನಾದ ವೀಸಾ ಹೇಗಿರುತ್ತದೆ ಎಂದು ಗುರುವಾರ ತರಗತಿಯ ಮಕ್ಕಳಿಗೆ ತೋರಿಸುವ ಆಸೆಯಿಂದ, ಬ್ಯಾಗು ಶೆಟ್ಟರ ಮನೆಗೆ ಹೋಗುವ ಮೊದಲೇ ತಮ್ಮ ಲಕೋಟೆಯನ್ನು ಮೆಲ್ಲಗೆ ಎತ್ತಿಕೊಂಡಿದ್ದರು. ಗಂಡ ಕೂಗಾಡುತ್ತಾರೆಂದು ಹೇಳಿರಲಿಲ್ಲ. ನನ್ನ ಹಾಳೆಯನ್ನೂ ಪಂಚಾಂಗವನ್ನೂ ಒಟ್ಟಿಗೆ ಮೀರಿದ್ದರು. ನಾಲ್ಕೂ ಕಾಗದ ಸರಿಯಾಗಿದ್ದವು.

ಕೃಷ್ಣಸ್ವಾಮಿ ಲಕೋಟೆಯ ಮೇಲೆ ಕೈಯಿಟ್ಟರು. "ನಾನಿಲ್ದೆ ಅಲ್ಲಿ ಹೋಗಿ ಏನ್ ಮಾಡ್ತೀಯ? ಪ್ಲಾನೆಲ್ಲಾ ನನ್ನ ತಲೇಲಿದೆ. ನಡಿ, ಮನೆಗೆ ಹೋಗೋಣ."

ಆಕೆ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಾನೊಬ್ಬಳೇ ಹೋದ್ರೆ ಅಲ್ಲಿ ಗೈಡ್ ಬರ್ತಾರಾ?"

ಹತ್ತಕ್ಕೆ ಏಳು ನಿಮಿಷ ಇತ್ತು. ಇಬ್ಬರ ಹೆಸರಿನ ಬುಕ್ಕಿಂಗು, ಒಬ್ಬರಿಗೆ ಆಗಲಿಕ್ಕಿಲ್ಲ ಎಂದು ಗೊಣಗಿದ್ದರೆ ಸಾಕಿತ್ತು. ಆಕೆ ಮನೆಗೆ ಹೋಗುತ್ತಿದ್ದರು, ಕೃಷ್ಣಸ್ವಾಮಿಯ ಸಿಟ್ಟು ಶೆಟ್ಟರ ಕಡೆ ತಿರುಗುತ್ತಿತ್ತು, ನನ್ನ ಡೆಸ್ಕು ಉಳಿಯುತ್ತಿತ್ತು. ನಾನೇನೂ ದೊಡ್ಡ ಮನಸ್ಸಿನವಳಲ್ಲ. ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ನನ್ನೊಳಗೆ ಆಕೆಯ ಮೇಲಿನ ಕನಿಕರಕ್ಕಿಂತ ಆತನ ಮೇಲಿನ ಹಗೆಯೇ ಹೆಚ್ಚಾಗಿತ್ತು.

"ಬರ್ತಾರ್ರಿ. ವೋಚರ್ ಒಬ್ಬರಿಗೂ ನಡೀತದ. ಈಗಲೇ ಹೋಗಿ ಫ್ಯಾಕ್ಸ್ ಮಾಡ್ತೀನಿ. ನೀವು ಹೋಗ್ರಿ ಅಕ್ಕಾರ."

"ನಾಳೇನೇ ನಿಮ್ಮ ಮ್ಯಾನೇಜರ್‌ಗೆ ಬರೀತೀನಿ" ಎಂದರು ಕೃಷ್ಣಸ್ವಾಮಿ.

"ಬರೀರಿ. ಖಲಾಸ್."

ಆಕೆ ಗಂಡನ ಕೈಯ ಕೆಳಗಿನಿಂದ ಲಕೋಟೆಯನ್ನು ಎಳೆದುಕೊಂಡು ಕೌಂಟರಿನವನಿಗೆ ಕೊಟ್ಟರು. ಗಂಡ ಜೇಬಿನಿಂದ ಮಡಿಸಿದ ಚಾರ್ಟನ್ನು ತೆಗೆದು, ಇದನ್ನಾದರೂ ಇಟ್ಟುಕೋ ಎಂದು ಆಕೆಯ ಕೈಗೆ ತುರುಕಿದರು. ನಾನು ರಜೆಯ ದಿನ ಆಫೀಸಿನ ಬಾಗಿಲು ತೆಗೆಸಿ ಶಿಯಾನ್‌ಗೆ ಫ್ಯಾಕ್ಸ್ ಕಳಿಸಿದೆ: ಬರುವವರು ಒಬ್ಬರೇ, ಮಹಿಳೆ, ಬೋರ್ಡು ಹಿಡಿದು ನಿಲ್ಲಿ.

ಕೃಷ್ಣಸ್ವಾಮಿ ಮಾತಿಗೆ ತಪ್ಪುವವರಲ್ಲ. ದೂರಿನ ಪತ್ರ ಮೂರು ಪುಟ ಇತ್ತು. ಮ್ಯಾನೇಜರ್ ಮೆದುವಾಗಿಯೇ ನನ್ನನ್ನು ಟೂರ್ ಡೆಸ್ಕಿನಿಂದ ಎಬ್ಬಿಸಿ, ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಹಳೆಯ ಟಿಕೆಟ್ ಪ್ರತಿಗಳನ್ನು ಜೋಡಿಸುವ ಕೆಲಸಕ್ಕೆ ಹಾಕಿದರು. ಎಂಟು ತಿಂಗಳು ಅಲ್ಲಿದ್ದೆ. ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಅವರಿಗೂ ನನ್ನ ಮೇಲೆ ಇರಬಹುದು.

ಮೇ ತಿಂಗಳ ಎರಡನೇ ವಾರ ಟೀಚರ್ ಆ ಕೋಣೆಯನ್ನು ಹುಡುಕಿಕೊಂಡು ಬಂದರು. ಮಣ್ಣಿನ ಸೈನಿಕರ ಫೋಟೊ ಇದೆಯೇ ಎಂದು ಕೇಳಿದೆ. ಇಲ್ಲವೆಂದರು. ಮೊದಲ ದಿನ ಗೈಡ್ ಹುಡುಗಿ ಚಾರ್ಟ್ ನೋಡಿ ಗಾಬರಿಯಾಗಿದ್ದಳಂತೆ. ಇವರು ಅದನ್ನು ಮಡಿಸಿ ಒಳಗಿಟ್ಟರಂತೆ. ಈಗ ಅದನ್ನು ಬಿಡಿಸಿ ನನ್ನ ಮೇಜಿನ ಮೇಲೆ ಹಾಸಿ, ಒಂದು ಸಣ್ಣ ಪಟ್ಟಿಯ ಮೇಲೆ ಬೆರಳಿಟ್ಟರು.

"ಇಲ್ಲಿ ಮೂವತ್ತೈದು ನಿಮಿಷ ಅಂತಿದೆ ನೋಡಿ. ನಾನು ಎರಡೂವರೆ ದಿನವೂ ಅಲ್ಲೇ ಇದ್ದೆ. ಬೆಳಿಗ್ಗೆ ಹೋಗಿ ಮೆಟ್ಟಿಲು ಹತ್ತೋದು, ಇಳಿದು ಅಂಗಳದಲ್ಲಿ ಕೂತ್ಕೊಳ್ಳೋದು. ಯಾರೂ ಏಳು ಅನ್ನಲಿಲ್ಲ."

ಮೂರು ತಿಂಗಳು, ಐದು ಪ್ಲಾನು, ಅಷ್ಟೊಂದು ಫ್ಯಾಕ್ಸು. ನಾನು ಮತ್ತು ಆ ಮನುಷ್ಯ ಹಾವು ಮುಂಗುಸಿಯಂತೆ ಕಚ್ಚಾಡಿದ್ದೆವು. ಆ ಗೋಪುರಕ್ಕೆ ಎಷ್ಟು ಹೊತ್ತು ಬೇಕು ಎಂದು ಅವರೂ ಆಕೆಯನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅದನ್ನೇ ನೋಡಬೇಕು ಎಂದು ಮೊದಲ ದಿನವೇ ಆಕೆ ನನ್ನ ಎದುರು ಕುಳಿತು ಬಾಯಿಬಿಟ್ಟು ಹೇಳಿದ್ದರು.

ಹಳೆಯ ಫೈಲುಗಳೆಲ್ಲ ಆ ಕೋಣೆಯಲ್ಲೇ ಇದ್ದವು. ಚಾರ್ಟನ್ನು ಅದರ ಫೈಲಿಗೆ ಸೇರಿಸೋಣವೆಂದು ಎತ್ತಿ ತೆಗೆದೆ. ಮೇಲೆ ನನ್ನದೇ ಕೈಬರಹ, 'ಮಿ. ಕೃಷ್ಣಸ್ವಾಮಿ ಪ್ಲಸ್ ಒನ್'. ಆಕೆ ಅದನ್ನು ಓದಿದರು. ನನ್ನ ಪೆನ್ನು ಕೇಳಿ ಪಡೆದು ಆ ಇಡೀ ಸಾಲಿನ ಮೇಲೆ ನೇರವಾಗಿ ಗೆರೆ ಎಳೆದರು, ಕೆಳಗೆ ತರಗತಿಯ ಹಲಗೆಯ ಮೇಲೆ ಬರೆಯುವಂಥ ದುಂಡನೆಯ ಅಕ್ಷರದಲ್ಲಿ 'ವಿಶಾಲಾಕ್ಷಿ' ಎಂದು ಬರೆದು ಪೆನ್ನು ವಾಪಸು ಕೊಟ್ಟರು.

ಮರುವರ್ಷ ಡೆಸ್ಕು ನನಗೆ ಮರಳಿ ಸಿಕ್ಕಿತು. ಆಮೇಲೆ ಹದಿನಾಲ್ಕು ವರ್ಷ ಅದೇ ಕೆಲಸ ಮಾಡಿದೆ. ಎದುರಿಗೆ ಇಬ್ಬರು ಕುಳಿತರೆ ಮಾತಾಡುತ್ತಿರುವವರಿಗೆ ಒಂದು ನಿಮಿಷ ನಿಲ್ಲಿ ಎಂದು ಕೈ ತೋರಿಸಿ, ಸುಮ್ಮನೆ ಕುಳಿತವರ ಹೆಸರನ್ನು ಮೊದಲು ಕೇಳುತ್ತಿದ್ದೆ. ನಂತರ, ನಿಮಗೆ ಏನು ನೋಡಬೇಕಾಗಿದೆ, ಎಷ್ಟು ಹೊತ್ತು ಎಂದು. ಇದರಿಂದ ಕೆಲವು ಗಂಡಂದಿರು ಎದ್ದುಹೋದದ್ದೂ ಉಂಟು. ಹೋಗಲಿ ಎಂದು ಬಿಟ್ಟೆ.