ಎಡ ಹೆಬ್ಬೆರಳಿನ ಗುಳಿ

ಬಂದರಿನ ಕಸ್ಟಮ್ಸ್ ಕಚೇರಿಯವರು ಅವರಿಗಿಟ್ಟ ಹೆಸರು ಮುಚ್ಚಳದ ಮೇಷ್ಟ್ರು. ತಾವು ಕಂಡುಹಿಡಿದ ಡಬ್ಬಿಯ ಮುಚ್ಚಳಕ್ಕೆ ಪೇಟೆಂಟ್ ಸಿಕ್ಕಂದಿನಿಂದ, ನೆಂಟರ ಮನೆಗೆ ಹೋದರೂ ಅವರು ಮೊದಲು ಕುಶಲ ವಿಚಾರಿಸುವುದು ಅಡುಗೆಮನೆಯ ಡಬ್ಬಿಗಳದ್ದೇ. ಹಡಗು ಬಂತೆಂದರೆ, ನಕಲು ಬಂದಿದೆಯೇ ಎಂದು ನೋಡಲು ಪೇಟೆಂಟ್ ಪತ್ರ ಕಂಕುಳಲ್ಲಿ ಅವುಚಿಕೊಂಡು ಹಾಜರು. ಇವತ್ತು ಕಂಟೇನರ್ ತುಂಬ ಅದೇ ಮುಚ್ಚಳದ ನಕಲು. "ಇದು ನಾವೇ ಕಂಡುಹಿಡಿದಿದ್ದು" ಎಂದು ಆಮದುದಾರ ಎದೆಯುಬ್ಬಿಸಿದ. "ಹಾಗಾದ್ರೆ ಬೆರಳಿಡೋ ಈ ಗುಳಿ ಎಡಗಡೆ ಯಾಕಿದೆ, ಹೇಳಪ್ಪ?" ಎಂದರು ಮೇಷ್ಟ್ರು. ಆಮದುದಾರ ಮುಚ್ಚಳವನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದ. "ಲಕ್ವ ಹೊಡೆದು ನಮ್ಮನೆಯವಳ ಬಲಗೈ ಬಿದ್ದುಹೋಯ್ತು ಸಾರ್. ಎಡಗೈ ಒಂದರಲ್ಲೇ ತೆಗೀಲಿ ಅಂತ ಮಾಡಿದ್ದು" ಎನ್ನುತ್ತ ಮೇಷ್ಟ್ರು ಕಸ್ಟಮ್ಸ್ ಅಧಿಕಾರಿಯ ಮುಂದೆ ಪೇಟೆಂಟಿನ ಚಿತ್ರ ಬಿಡಿಸಿಟ್ಟರು. ಅಧಿಕಾರಿ ನಕಲಿನ ಗುಳಿಗೆ ಎಡ ಹೆಬ್ಬೆರಳು ಒತ್ತಿದರು. ಮುಚ್ಚಳ ಟಕ್ಕೆಂದು ತೆರೆಯಿತು, ಕಂಟೇನರಿಗೆ ಜಪ್ತಿಯ ಬೀಗ ಬಿತ್ತು. ಮೇಷ್ಟ್ರು ಮನೆಗೆ ಫೋನು ಮಾಡಿ ಕೂಗಿದರು: "ಗೆದ್ದುಬಿಟ್ವಿ ಕಣೇ! ನಿನ್ನ ಹೆಬ್ಬೆರಳು ಕಂಟೇನರನ್ನೇ ತಡೆದು ನಿಲ್ಲಿಸ್ತು!"